ಕಾಗದವೇ ಅರ್ಧ ಬಣ್ಣ: ನಡುಛಾಯೆಯ ಹಾಳೆಯ ಮೇಲೆ ಬಣ್ಣದ ಪೆನ್ಸಿಲ್ ಕೆಲಸ

ಬಾದಾಮಿಯ ಬಂಡೆಯನ್ನು ಬಿಳಿ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಲು ಕುಳಿತವರ ಮೊದಲ ಒಂದು ಗಂಟೆ ಬಿಳಿಯನ್ನು ಮುಚ್ಚುವುದರಲ್ಲಿಯೇ ಕಳೆದುಹೋಗುತ್ತದೆ. ಆ ಬಂಡೆಯಲ್ಲಿ ಎಲ್ಲಿಯೂ ಅಷ್ಟು ಬಿಳುಪಿಲ್ಲ; ಬಿಸಿಲು ನೇರವಾಗಿ ಬಿದ್ದ ಅಂಚು ಕೂಡ ಹಳದಿ ಬೆರೆತ ಕೆನೆಬಣ್ಣದ್ದು, ಉಳಿದದ್ದೆಲ್ಲ ಕಾವಿ, ಕಂದು ಮತ್ತು ಗುಹೆಯ ಬಾಯಿಯ ಕತ್ತಲು. ಅದೇ ಬಂಡೆಯನ್ನು ಗೋದಿಬಣ್ಣದ ಹಾಳೆಯ ಮೇಲೆ ಬಿಡಿಸಲು ಕುಳಿತರೆ, ಮೊದಲ ಗೆರೆ ಎಳೆಯುವ ಮುನ್ನವೇ ಕಲ್ಲಿನ ಅರ್ಧ ಮೈ ಹಾಳೆಯಲ್ಲಿ ಸಿದ್ಧವಾಗಿರುತ್ತದೆ. ಬಿಸಿಲು ಬಿದ್ದಲ್ಲಿ ತಿಳಿಬಣ್ಣ, ಸಂದುಗಳಲ್ಲಿ ಕಡುಬಣ್ಣ ಹಾಕಿ, ನಡುವಿನ ಭಾಗವನ್ನು ಕಾಗದಕ್ಕೇ ಬಿಟ್ಟುಕೊಟ್ಟರೆ ಸಾಕು. ಹೀಗೆ ಬಿಟ್ಟುಕೊಡುವುದು ಹೇಳಿದಷ್ಟು ಸುಲಭವಲ್ಲ. ಬಾಗಲಕೋಟೆಯಲ್ಲಿ ಭಾನುವಾರಗಳಂದು ಮಕ್ಕಳಿಗೂ ಕೆಲವು ಹಿರಿಯರಿಗೂ ಚಿತ್ರ ಹೇಳಿಕೊಡುವ ನನ್ನ ಅನುಭವದಲ್ಲಿ, ಬಣ್ಣ ಹಾಕಲು ಕಲಿಯುವುದಕ್ಕಿಂತ ಹಾಕದೆ ಬಿಡಲು ಕಲಿಯುವುದಕ್ಕೆ ಎಲ್ಲರೂ ಹೆಚ್ಚು ದಿನ ತೆಗೆದುಕೊಳ್ಳುತ್ತಾರೆ.

ನಡುಛಾಯೆ ಎಂದರೆ ಯಾವುದು

ಅಚ್ಚ ಬಿಳಿಯನ್ನು ಒಂದು ತುದಿಯಲ್ಲಿಯೂ ಕಡುಗಪ್ಪನ್ನು ಇನ್ನೊಂದು ತುದಿಯಲ್ಲಿಯೂ ಇಟ್ಟು, ನಡುವಿನ ದಾರಿಯನ್ನು ಒಂಬತ್ತು ಮೆಟ್ಟಿಲುಗಳಾಗಿ ಮಾಡಿಕೊಂಡರೆ, ನಾಲ್ಕರಿಂದ ಆರನೆಯ ಮೆಟ್ಟಿಲಿನವರೆಗೆ ಬರುವ ಹಾಳೆಗಳನ್ನು ನಡುಛಾಯೆಯವು ಎನ್ನಬಹುದು. ಅಂಗಡಿಯಲ್ಲಿ ಇವನ್ನು ಟೋನ್ಡ್ ಪೇಪರ್, ಟಿಂಟೆಡ್ ಪೇಪರ್ ಅಥವಾ ಪೇಸ್ಟಲ್ ಶೀಟ್ ಎಂದು ಕೇಳಬೇಕು. ಬಣ್ಣ ಬೂದಿಯಿರಲಿ, ಕಂದಿರಲಿ, ಮಾಸಲು ನೀಲಿಯಿರಲಿ, ಮುಖ್ಯವಾದದ್ದು ಅದರ ಮೇಲೆ ಬಿಳಿಯೂ ಕಾಣಬೇಕು, ಕಪ್ಪೂ ಕಾಣಬೇಕು ಎಂಬುದು. ಬಿಳಿ ಹಾಳೆಯ ಮೇಲೆ ಬಿಳಿ ಪೆನ್ಸಿಲಿಗೆ ಕೆಲಸವಿಲ್ಲ. ಹನ್ನೆರಡು ಬಣ್ಣಗಳ ಡಬ್ಬಿಯಲ್ಲಿ ವರ್ಷ ಕಳೆದರೂ ಉದ್ದ ಕಡಿಮೆಯಾಗದ ಆ ಒಂದು ಪೆನ್ಸಿಲಿಗೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಮೆ ಇದೆ.

ಈ ಪದ್ಧತಿ ಹೊಸದಲ್ಲ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1508ರ ಸುಮಾರಿಗೆ ಬಿಡಿಸಿದ, ಈಗ ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯದಲ್ಲಿರುವ, ಪ್ರಾರ್ಥನೆಗೆ ಜೋಡಿಸಿದ ಎರಡು ಕೈಗಳ ಚಿತ್ರ ನೀಲಿ ಛಾಯೆಯ ಕಾಗದದ ಮೇಲಿನದು. ಅಲ್ಲಿ ಬಳಸಿದ್ದು ಬಣ್ಣದ ಪೆನ್ಸಿಲ್ ಅಲ್ಲ, ಕುಂಚ ಮತ್ತು ಮಸಿ. ಆದರೆ ಅದರ ಮುದ್ರಿತ ಪ್ರತಿಯನ್ನಾದರೂ ಸಮೀಪದಿಂದ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಬೆರಳಿನ ಉಬ್ಬಿನ ಮೇಲೆ ಬಿಳಿಯ ಸಣ್ಣ ಗೆರೆಗಳಿವೆ, ನೆರಳಿನ ಕಡೆ ಕಪ್ಪು ಗೆರೆಗಳಿವೆ, ಇವೆರಡರ ನಡುವೆ ಏನೂ ಇಲ್ಲ. ಆ ಏನೂ ಇಲ್ಲದ ಜಾಗವೇ ಕೈಯ ಚರ್ಮ.

ಹಾಳೆಯನ್ನು ಆರಿಸುವುದು

ಸ್ಟ್ರಾತ್‌ಮೋರ್ ಕಂಪನಿಯ ಟೋನ್ಡ್ ಟ್ಯಾನ್ ಮತ್ತು ಟೋನ್ಡ್ ಗ್ರೇ ಪುಸ್ತಕಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಕಲಿಯುವವರಿಗೆ ಅವು ಬೇಕಾದಷ್ಟಾಯಿತು. ಕ್ಯಾನ್ಸನ್ ಕಂಪನಿಯ ಮಿ-ತೆಂತ್ ಎಂಬ 160 ಜಿಎಸ್‌ಎಂ (ಒಂದು ಚದರ ಮೀಟರಿನ ತೂಕ ಗ್ರಾಂಗಳಲ್ಲಿ) ಹಾಳೆ ಹಲವಾರು ಬಣ್ಣಗಳಲ್ಲಿ ಬರುತ್ತದೆ. ಅದರ ಒಂದು ಮೈ ಜೇನುಗೂಡಿನ ಕಣ್ಣುಗಳಂತೆ ತರಿತರಿಯಾಗಿದ್ದು ಸೀಮೆಸುಣ್ಣದಂಥ ಒಣ ಪೇಸ್ಟಲ್‌ಗೆ ಹೊಂದುತ್ತದೆ, ಇನ್ನೊಂದು ಮೈ ನಯವಾಗಿದೆ. ಪೆನ್ಸಿಲಿಗೆ ನಯವಾದ ಮೈಯೇ ಸರಿ. ಹೊಸಬರು ಅಂದದ ಮೈ ಎಂದು ಜೇನುಗೂಡಿನ ಕಡೆಯೇ ಬಿಡಿಸಲು ಆರಂಭಿಸಿ, ಎಷ್ಟು ತಿಕ್ಕಿದರೂ ಚುಕ್ಕೆಚುಕ್ಕೆಯಾಗಿ ಉಳಿಯುತ್ತದೆ ಎಂದು ಪೆನ್ಸಿಲನ್ನು ದೂರುವುದುಂಟು. ಹಾಗೆಂದು ಗಾಜಿನಂತೆ ನುಣುಪಾದ ಹಾಳೆಯೂ ಆಗದು, ಏಕೆಂದರೆ ಬಣ್ಣದ ಪುಡಿಯನ್ನು ಹಿಡಿದುಕೊಳ್ಳುವುದು ಕಾಗದದ ಸಣ್ಣ ತರಿಗಳೇ. ಅವು ತುಂಬಿದ ಮೇಲೆ ಮುಂದಿನ ಪದರ ಜಾರುತ್ತದೆ.

ಶಾಲಾ ಪುಸ್ತಕಗಳಿಗೆ ಹೊದಿಕೆ ಹಾಕುವ ಖಾಕಿ ಹಾಳೆಯ ಮೇಲೂ ಅಭ್ಯಾಸ ಮಾಡಬಹುದು, ನನ್ನ ತರಗತಿಯಲ್ಲಿ ಎಲ್ಲರ ಆರಂಭವೂ ಅದರಿಂದಲೇ. ಮಿಂಚುವ ಮೈಯನ್ನು ಬಿಟ್ಟು ಮಂದವಾದ ಮೈಯನ್ನು ಬಳಸಬೇಕು. ಆದರೆ ಇಟ್ಟುಕೊಳ್ಳಬೇಕಾದ ಚಿತ್ರವನ್ನು ಅದರ ಮೇಲೆ ಮಾಡಬಾರದು, ಏಕೆಂದರೆ ಆ ಕಾಗದದಲ್ಲಿ ಮರದ ಲಿಗ್ನಿನ್ ಅಂಶ ಉಳಿದಿರುವುದರಿಂದ ಬೆಳಕಿಗೆ ಬಣ್ಣಗೆಟ್ಟು, ವರ್ಷಗಳು ಕಳೆದಂತೆ ಮುರುಕಲಾಗುತ್ತದೆ. ಇಟ್ಟುಕೊಳ್ಳುವ ಚಿತ್ರಕ್ಕೆ ಆಮ್ಲರಹಿತ ಎಂದು ಬರೆದಿರುವ ಹಾಳೆಯನ್ನೇ ಕೊಳ್ಳಬೇಕು.

ಯಾವ ವಸ್ತುವಿಗೆ ಯಾವ ಹಾಳೆ ಎಂಬುದನ್ನು ಕಣ್ಣಂದಾಜಿಗೆ ಬಿಡುವುದಕ್ಕಿಂತ ಮೊಬೈಲಿನಿಂದ ಪರೀಕ್ಷಿಸುವುದು ಒಳ್ಳೆಯದು. ಬಿಡಿಸಬೇಕಾದ ವಸ್ತುವಿನ ಪಕ್ಕದಲ್ಲಿ, ಅದೇ ಬೆಳಕಿನಲ್ಲಿ, ಹಾಳೆಯ ಒಂದು ತುಂಡನ್ನು ಇಟ್ಟು ಫೋಟೊ ತೆಗೆದು ಅದನ್ನು ಕಪ್ಪು-ಬಿಳುಪಿಗೆ ಬದಲಾಯಿಸಿ. ವಸ್ತುವಿನ ಯಾವ ಭಾಗ ಹಾಳೆಯ ಬೂದಿನೊಂದಿಗೆ ಒಂದಾಗಿ ಕರಗಿದಂತೆ ಕಾಣುತ್ತದೆಯೋ ಆ ಭಾಗವನ್ನು ಕಾಗದವೇ ನೋಡಿಕೊಳ್ಳುತ್ತದೆ. ವಸ್ತುವಿನ ಮೂರನೆಯ ಒಂದು ಪಾಲಾದರೂ ಹೀಗೆ ಕರಗಿದರೆ ಹಾಳೆ ಸರಿಯಾಗಿದೆ. ಏನೂ ಕರಗದಿದ್ದರೆ, ಆ ಹಾಳೆಯ ಬಣ್ಣ ಎಷ್ಟೇ ಚೆಂದವಿದ್ದರೂ ಅದನ್ನು ಬೇರೆ ಚಿತ್ರಕ್ಕೆ ಎತ್ತಿಡಬೇಕು.

ಪೆನ್ಸಿಲ್‌ಗಳು

ಬಣ್ಣದ ಪೆನ್ಸಿಲಿನ ಕಡ್ಡಿಯಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಮೇಣ ಅಥವಾ ಎಣ್ಣೆಯ ಅಂಶ. ಪ್ರಿಸ್ಮಾಕಲರ್ ಪ್ರೀಮಿಯರ್ ಮೇಣದ್ದು ಮತ್ತು ಮೆದು. ಫೇಬರ್-ಕ್ಯಾಸ್ಟೆಲ್‌ನ ಪಾಲಿಕ್ರೋಮೋಸ್ ಎಣ್ಣೆಯ ಅಂಶದ್ದು, ಸ್ವಲ್ಪ ಗಟ್ಟಿ, ಮೊನೆ ಹೆಚ್ಚು ಹೊತ್ತು ನಿಲ್ಲುತ್ತದೆ. ಶಾಲಾಮಕ್ಕಳ ಡಬ್ಬಿಯ ಪೆನ್ಸಿಲ್‌ಗಳಲ್ಲಿ ಬಣ್ಣದ ಪುಡಿ ಕಡಿಮೆ, ಕಡ್ಡಿ ಗಟ್ಟಿ. ಕಡುಬಣ್ಣಗಳು ಅವುಗಳಿಂದಲೂ ಚೆನ್ನಾಗಿಯೇ ಬರುತ್ತವೆ, ಸೋಲುವುದು ತಿಳಿಬಣ್ಣಗಳಲ್ಲಿ. ಆದ್ದರಿಂದ ಹಣವನ್ನು ಪೂರ್ತಿ ಡಬ್ಬಿಗೆ ಸುರಿಯದೆ ಬಿಡಿಯಾಗಿ ಒಂದೆರಡು ಒಳ್ಳೆಯ ಬಿಳಿ, ಒಂದು ಕೆನೆಬಣ್ಣ ಕೊಂಡುಕೊಳ್ಳಿ ಎಂಬುದು ನನ್ನ ಸಲಹೆ. ಡರ್ವೆಂಟ್ ಡ್ರಾಯಿಂಗ್ ಸಾಲಿನ ಚೈನೀಸ್ ವೈಟ್ ಮತ್ತು ಕಾರಾನ್ ದಾಶ್‌ನ ಲ್ಯೂಮಿನೆನ್ಸ್ ಬಿಳಿ, ಇವೆರಡೂ ಕಾಗದವನ್ನು ಚೆನ್ನಾಗಿ ಮುಚ್ಚುತ್ತವೆ.

ಇವಲ್ಲದೆ ಬೇಕಾದವು: ಹರಿತವಾದ ಶಾರ್ಪ್‌ನರ್, ಕಣಕದಂತೆ ನಾದಿ ಮೊನೆ ಮಾಡಿಕೊಳ್ಳಬಹುದಾದ ಮೆತ್ತನೆಯ ರಬ್ಬರ್, ಪುಡಿ ಗುಡಿಸಲು ಅಗಲವಾದ ಒಣ ಕುಂಚ, ಕೊನೆಯ ಹೊಳಪಿಗೆ ಒಂದು ಬಿಳಿ ಜೆಲ್ ಪೆನ್ನು. ಪುಡಿಯನ್ನು ಅಂಗೈಯಿಂದ ಒರೆಸಬಾರದು, ಬಾಯಿಂದ ಊದಲೂಬಾರದು. ಎಂಜಲಿನ ಒಂದು ಸಣ್ಣ ಹನಿ ಛಾಯೆಯ ಹಾಳೆಯ ಮೇಲೆ ಬಿದ್ದರೆ ಕಲೆಯಾಗಿ ಉಳಿಯುತ್ತದೆ. ನಮ್ಮ ಕಡೆಯ ಬೇಸಿಗೆಗೆ ಇನ್ನೂ ಒಂದು ಮಾತು ಸೇರಿಸಬೇಕು. ಏಪ್ರಿಲ್, ಮೇ ತಿಂಗಳಿನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮೇಣದ ಕಡ್ಡಿ ಮೆತ್ತಗಾಗಿ, ಶಾರ್ಪ್‌ನರಿನಲ್ಲಿ ತಿರುಗಿಸುವಾಗ ತುಂಡಾಗುತ್ತದೆ. ಕೆಲಸ ಆರಂಭಿಸುವ ಮುನ್ನ ಡಬ್ಬಿಯನ್ನು ಅರ್ಧ ಗಂಟೆ ತಣ್ಣನೆಯ ಗಡಿಗೆಯ ಪಕ್ಕದಲ್ಲಿಟ್ಟರೆ ಮೊನೆ ನಿಲ್ಲುತ್ತದೆ. ಬೆವರಿದ ಕೈ ಹಾಳೆಗೆ ತಾಗದಂತೆ ಅಂಗೈ ಕೆಳಗೆ ಯಾವಾಗಲೂ ಒಂದು ಸಾದಾ ಕಾಗದವಿರಲಿ.

ಮೊದಲು ಬಣ್ಣದ ಪಟ್ಟಿ

ಚಿತ್ರಕ್ಕೆ ಕೈ ಹಾಕುವ ಮುನ್ನ ಅದೇ ಹಾಳೆಯ ತುಂಡಿನ ಮೇಲೆ ನಿಮ್ಮಲ್ಲಿರುವ ಎಲ್ಲ ಪೆನ್ಸಿಲ್‌ಗಳ ಪಟ್ಟಿಯನ್ನು ಮಾಡಿಕೊಳ್ಳಬೇಕು. ಬೇಸರದ ಕೆಲಸವೇ ಹೌದು, ಆದರೂ ಇದನ್ನು ಬಿಟ್ಟವರಿಗೆ ಮುಂದೆ ಹೇಳುವ ಯಾವುದೂ ಕೈಗೂಡುವುದಿಲ್ಲ. ಪ್ರತಿ ಬಣ್ಣಕ್ಕೂ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಮೂರು ಚೌಕಗಳನ್ನು ಹಾಕಿ. ಮೊದಲನೆಯದರಲ್ಲಿ ಬಣ್ಣವೊಂದೇ, ಎರಡನೆಯದರಲ್ಲಿ ಮೊದಲು ತೆಳುವಾಗಿ ಬಿಳಿ ಹಚ್ಚಿ ಅದರ ಮೇಲೆ ಬಣ್ಣ, ಮೂರನೆಯದರಲ್ಲಿ ಮೊದಲು ಬಣ್ಣ ಹಚ್ಚಿ ಅದರ ಮೇಲೆ ಬಿಳಿ. ಪ್ರತಿ ಸಾಲಿನ ಮುಂದೆ ಪೆನ್ಸಿಲಿನ ಹೆಸರು ಬರೆದಿಡಿ.

ಪಟ್ಟಿ ಮುಗಿಸಿ ದೂರ ಹಿಡಿದು ನೋಡಿದಾಗ ಮೊದಲನೆಯ ಚೌಕಗಳಲ್ಲಿಯೇ ಅಚ್ಚರಿಗಳು ಕಾಣುತ್ತವೆ. ಡಬ್ಬಿಯಲ್ಲಿ ನಿಂಬೆಹಣ್ಣಿನಂತಿದ್ದ ಹಳದಿ ಬೂದು ಹಾಳೆಯ ಮೇಲೆ ಹಸಿರು ತಿರುಗಿದಂತೆ ಮಂಕಾಗುತ್ತದೆ. ಆಕಾಶನೀಲಿ ಗೋದಿಬಣ್ಣದ ಹಾಳೆಯ ಮೇಲೆ ಬೂದಾಗುತ್ತದೆ. ಕಾವಿ, ಕೆಂಪು, ಕಂದು ಮಾತ್ರ ಅದೇ ಹಾಳೆಯ ಮೇಲೆ ತವರಿಗೆ ಬಂದಂತೆ ಅರಳುತ್ತವೆ. ಇದಕ್ಕೆ ಕಾರಣ ಸರಳವಾಗಿದೆ. ಬಣ್ಣದ ಪೆನ್ಸಿಲಿನ ಪದರ ಗೋಡೆಯ ಪೇಂಟಿನಂತೆ ಮುಚ್ಚುವುದಿಲ್ಲ, ತೆಳುವಾದ ಬಣ್ಣದ ಗಾಜಿನಂತೆ ಅರೆಪಾರದರ್ಶಕವಾಗಿರುತ್ತದೆ. ಬೆಳಕು ಅದರೊಳಗೆ ಹಾದು, ಕಾಗದಕ್ಕೆ ತಾಗಿ, ಮರಳಿ ನಮ್ಮ ಕಣ್ಣಿಗೆ ಬರುತ್ತದೆ. ಬಿಳಿ ಕಾಗದ ಬಂದ ಬೆಳಕನ್ನು ಬಹುಪಾಲು ಹಿಂದಿರುಗಿಸುತ್ತದೆ. ಕಂದು ಕಾಗದ ನೀಲಿಯ ಪಾಲನ್ನು ಹೆಚ್ಚಾಗಿ ನುಂಗಿಕೊಳ್ಳುವುದರಿಂದ, ಅದರ ಮೇಲೆ ಹಚ್ಚಿದ ನೀಲಿಗೆ ಮರಳಿಸಲು ಬೆಳಕೇ ಉಳಿದಿರುವುದಿಲ್ಲ. ಹೀಗಾಗಿ ಎಲ್ಲಿ ಬಣ್ಣ ಬೆಳಗಬೇಕೋ ಅಲ್ಲಿ ಮಾತ್ರ ಕೆಳಗೆ ಬಿಳಿಯ ಪದರ ಬೇಕು. ಅದು ಆ ಜಾಗಕ್ಕಷ್ಟೇ ಬಿಳಿ ಹಾಳೆಯನ್ನು ಒದಗಿಸಿದಂತೆ.

ಮೂರನೆಯ ಚೌಕಗಳು ಇನ್ನೊಂದು ಪಾಠ ಹೇಳುತ್ತವೆ. ಕೆಂಪಿನ ಮೇಲೆ ಬಿಳಿ ಹಾಕಿದರೆ ಹೊಳಪು ಬರುವುದಿಲ್ಲ, ಹಾಲು ಬೆರೆತಂಥ ಗುಲಾಬಿ ಬರುತ್ತದೆ. ಗುಲಾಬಿ ಎಸಳಿಗೆ ಅದು ಸರಿ, ಹೊಳೆಯುವ ಹಣ್ಣಿಗೆ ಸಲ್ಲದು. ಹೊಳಪಿನ ಜಾಗವನ್ನು ಮೊದಲೇ ಗುರುತಿಸಿ ಕಾಯ್ದುಕೊಳ್ಳಬೇಕಾದದ್ದು ಇದೇ ಕಾರಣಕ್ಕೆ.

ಹೊರಗೆರೆ

ಛಾಯೆಯ ಹಾಳೆಯ ಮೇಲೆ ಸಾಮಾನ್ಯ ಸೀಸದ ಪೆನ್ಸಿಲಿನಿಂದ ನೇರವಾಗಿ ಬಿಡಿಸಿ ಒರೆಸುತ್ತ ಕುಳಿತರೆ ಎರಡು ತೊಂದರೆಗಳುಂಟು. ರಬ್ಬರ್ ತಿಕ್ಕಿದಲ್ಲಿ ಕಾಗದದ ಮೈ ಎದ್ದು ಆ ಜಾಗ ಬೇರೆಯೇ ಬಣ್ಣವಾಗಿ ಕಾಣುತ್ತದೆ; ಉಳಿದ ಸೀಸದ ಪುಡಿ ಬಿಳಿ ಪೆನ್ಸಿಲಿನೊಂದಿಗೆ ಬೆರೆತು ಬಿಳಿಯನ್ನು ಕೊಳೆ ಮಾಡುತ್ತದೆ. ಆದ್ದರಿಂದ ಗೆರೆಚಿತ್ರವನ್ನು ಬೇರೆ ತೆಳು ಕಾಗದದ ಮೇಲೆ ಪೂರ್ತಿ ತಿದ್ದಿ ಮುಗಿಸಿ, ಅದರ ಹಿಂಬದಿಗೆ ಬಿಳಿ ಅಥವಾ ತಿಳಿಗಂದು ಪೆನ್ಸಿಲನ್ನು ಅಡ್ಡ ಹಿಡಿದು ತಿಕ್ಕಿ, ಛಾಯೆಯ ಹಾಳೆಯ ಮೇಲಿಟ್ಟು, ಗೆರೆಗಳ ಮೇಲೆ ಹಗುರವಾಗಿ ಎಳೆದು ಇಳಿಸಿಕೊಳ್ಳಬೇಕು. ಹಗುರವಾಗಿ ಎಂಬುದಕ್ಕೆ ಒತ್ತು ಕೊಡುತ್ತೇನೆ. ಒತ್ತಿ ಎಳೆದರೆ ಹಾಳೆಯಲ್ಲಿ ತಗ್ಗು ಬಿದ್ದು, ಮೇಲೆ ಎಷ್ಟು ಬಣ್ಣ ಹಾಕಿದರೂ ಆ ತಗ್ಗು ಕಾಗದದ ಬಣ್ಣದ ಗೆರೆಯಾಗಿ ಇಣುಕುತ್ತದೆ.

ಎರಡು ತುದಿಗಳನ್ನು ನೆಡುವುದು

ಈಗ ಬಣ್ಣವನ್ನು ಮರೆತು ಬೆಳಕು-ನೆರಳನ್ನು ಮಾತ್ರ ನೋಡಬೇಕು. ಕಣ್ಣನ್ನು ಅರ್ಧ ಮುಚ್ಚಿ ವಸ್ತುವನ್ನು ನೋಡಿದಾಗ ಸಣ್ಣ ವಿವರಗಳು ಅಳಿದು ಮೂರೇ ಭಾಗಗಳು ಉಳಿಯುತ್ತವೆ: ಬೆಳಕಿನದು, ನೆರಳಿನದು, ಎರಡೂ ಅಲ್ಲದ್ದು. ಬೆಳಕಿನ ಭಾಗಕ್ಕೆ ಬಿಳಿ ಅಥವಾ ಕೆನೆಬಣ್ಣವನ್ನು, ನೆರಳಿನ ಭಾಗಕ್ಕೆ ಕಡುಗಂದು ಅಥವಾ ಇಂಡಿಗೊ (ಕಡುನೀಲಿ) ಬಣ್ಣವನ್ನು, ಪೆನ್ಸಿಲನ್ನು ಹಿಂದಕ್ಕೆ ಹಿಡಿದು, ಅದರ ಭಾರವಷ್ಟೇ ಹಾಳೆಯ ಮೇಲೆ ಬೀಳುವಂತೆ ಹಚ್ಚಿ. ಈ ಹಂತದಲ್ಲಿ ಒಂದೇ ಒಂದು ಕಟ್ಟಳೆ: ಬಿಳಿಯೂ ಕಡುಬಣ್ಣವೂ ಒಂದನ್ನೊಂದು ಮುಟ್ಟಕೂಡದು. ಎರಡರ ನಡುವೆ ಕಾಗದದ ಓಣಿಯೊಂದು ಇರಲೇಬೇಕು. ಮುಟ್ಟಿದರೆ ಎರಡೂ ಬೆರೆತು ಸತ್ತ ಬೂದುಬಣ್ಣವಾಗುತ್ತದೆ, ಅದನ್ನು ಆಮೇಲೆ ಯಾವ ಬಣ್ಣವೂ ಬದುಕಿಸಲಾರದು.

ನಾನು ಆರಂಭದಲ್ಲಿ ಬಿಳಿಯ ಮೋಹಕ್ಕೆ ಬಿದ್ದಿದ್ದೆ. ಕಂದು ಹಾಳೆಯ ಮೇಲೆ ಬಿಳಿ ಮೊದಲ ಬಾರಿಗೆ ಕಾಣಿಸಿಕೊಂಡ ಖುಷಿಯಲ್ಲಿ ದಾಳಿಂಬೆಯ ಅರ್ಧ ಮೈಗೆ ಅದನ್ನೇ ಒತ್ತಿ ಹಚ್ಚಿದ್ದೆ. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ನನ್ನ ತಂಗಿಯ ಮಗಳು, "ಮಾಮಾ, ಹಣ್ಣಿಗೆ ಸುಣ್ಣ ಯಾಕ ಹಚ್ಚೀರಿ?" ಎಂದು ಕೇಳಿದಳು. ಆ ದಿನದಿಂದ ಬಿಳಿಯನ್ನು ಎತ್ತಿಕೊಂಡಾಗಲೆಲ್ಲ ಆ ಪ್ರಶ್ನೆಯನ್ನು ಕೇಳಿಕೊಳ್ಳುತ್ತೇನೆ.

ಒಡೆದ ದಾಳಿಂಬೆ, ಆರಂಭದಿಂದ ಕೊನೆಯವರೆಗೆ

ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ದಾಳಿಂಬೆ ತೋಟಗಳಿಗೆ ಕೊರತೆಯಿಲ್ಲ, ಸಂತೆಯಲ್ಲಿ ಹಣ್ಣೂ ಸುಲಭವಾಗಿ ಸಿಗುತ್ತದೆ. ಕಾಳುಗಳು ಕಡುಗೆಂಪಾಗಿರುವ ಭಗವಾ ತಳಿಯ ಹಣ್ಣಾದರೆ ಒಳ್ಳೆಯದು. ಚಾಕುವಿನಿಂದ ನೇರವಾಗಿ ಎರಡು ಹೋಳು ಮಾಡದೆ, ಸಿಪ್ಪೆಗೆ ಗೀರು ಹಾಕಿ ಕೈಯಿಂದ ಬಿಡಿಸಿ, ಆಗ ಕಾಳುಗಳು ಒಡೆಯದೆ ಇಡಿಯಾಗಿರುತ್ತವೆ. ಹಣ್ಣನ್ನು ಕಿಟಕಿಯ ಪಕ್ಕದಲ್ಲಿ, ಬೆಳಕು ಎಡಗಡೆಯಿಂದ ಮಾತ್ರ ಬರುವಂತೆ ಇಡಿ. ಟ್ಯೂಬ್‌ಲೈಟ್ ಆರಿಸಿಬಿಡಿ, ಎರಡು ದಿಕ್ಕಿನ ಬೆಳಕಿದ್ದರೆ ಪ್ರತಿ ಕಾಳಿನ ಮೇಲೂ ಎರಡು ಹೊಳಪು ಬಿದ್ದು ಲೆಕ್ಕ ತಪ್ಪುತ್ತದೆ. ಹಾಳೆ ಗೋದಿಬಣ್ಣದ್ದಿರಲಿ.

ಮೊದಲು ಕಾಳುಗಳು, ಆಮೇಲೆ ಪೊರೆ, ಕೊನೆಗೆ ಸಿಪ್ಪೆ. ಅವಸರದವರು ಸಿಪ್ಪೆಯಿಂದ ಆರಂಭಿಸುತ್ತಾರೆ, ಏಕೆಂದರೆ ಅದು ದೊಡ್ಡದು, ಬೇಗ ತುಂಬುತ್ತದೆ. ಆದರೆ ಚಿತ್ರದ ಅತಿ ತಿಳಿ ಮತ್ತು ಅತಿ ಕಡು, ಎರಡೂ ಛಾಯೆಗಳು ಕಾಳುಗಳ ನಡುವೆಯೇ ಇರುವುದರಿಂದ ಅವು ಮೊದಲು ನೆಲೆಯಾದರೆ ಉಳಿದದ್ದನ್ನು ಅವುಗಳಿಗೆ ಹೋಲಿಸಿ ಅಳೆಯಬಹುದು.

ಒಂದೇ ಒಂದು ಕಾಳನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ. ಸೇಬಿನಂಥ ಹಣ್ಣಿನಲ್ಲಿ ಬೆಳಕು ಬಿದ್ದ ಕಡೆ ತಿಳಿ, ಅದರ ಎದುರು ಕಡೆ ಕಡು. ದಾಳಿಂಬೆಯ ಕಾಳು ಹಾಗಲ್ಲ. ಬೆಳಕು ಬಿದ್ದ ಎಡಬದಿಯಲ್ಲಿ ಸಾಸಿವೆಗಿಂತ ಸಣ್ಣದಾದ ಚೂಪು ಹೊಳಪೊಂದು ಇರುತ್ತದೆ, ಅದರ ಸುತ್ತ ಕಾಳು ಕಡುಗೆಂಪಾಗಿಯೇ ಇರುತ್ತದೆ. ಒಳಗೆ ನುಗ್ಗಿದ ಬೆಳಕು ಕಾಳಿನ ರಸವನ್ನು ಹಾದು ಬಲಬದಿಯ ಅಂಚಿನಲ್ಲಿ ಒಟ್ಟುಗೂಡಿ, ಅಲ್ಲಿ ಕಿತ್ತಳೆ ಬೆರೆತ ತಿಳಿಗೆಂಪು ಕೆಂಡದಂತೆ ಕಾಣುತ್ತದೆ. ಅಂದರೆ ಹೊಳಪಿನ ಎದುರು ಬದಿಯಲ್ಲಿ ನೆರಳಿಲ್ಲ, ಬೆಳಗು ಇದೆ. ಈ ಒಂದು ಸಂಗತಿಯನ್ನು ಹಿಡಿದರೆ ಕಾಳು ಕಾಳಾಗುತ್ತದೆ. ಬಿಟ್ಟರೆ ಕೆಂಪು ಬಣ್ಣದ ಗೋಲಿಯಾಗುತ್ತದೆ.

ಆದ್ದರಿಂದ ಪ್ರತಿ ಕಾಳಿಗೂ ಎರಡು ಕಡೆ ಬಿಳಿ ಬೇಕು: ಎಡಕ್ಕೆ ಹೊಳಪಿನ ಚುಕ್ಕೆ, ಬಲ ಅಂಚಿಗೆ ಎಳೆಯ ಚಂದ್ರನ ಆಕಾರದ ತೆಳು ಪಟ್ಟಿ. ಚುಕ್ಕೆಯನ್ನು ಮೊನಚಾದ ಬಿಳಿಯಿಂದ ಒತ್ತಿ ಇಡಿ, ಮೇಣ ಗಟ್ಟಿಯಾಗಿ ಕೂತರೆ ಮುಂದಿನ ಕೆಂಪು ಅದರ ಮೇಲೆ ಸುಲಭವಾಗಿ ಹತ್ತುವುದಿಲ್ಲ. ಚಂದ್ರನ ಪಟ್ಟಿಯನ್ನು ಮಾತ್ರ ಹಗುರವಾಗಿ ಹಚ್ಚಿ, ಏಕೆಂದರೆ ಅದರ ಮೇಲೆ ಬಣ್ಣ ಹತ್ತಬೇಕು. ಆ ಪಟ್ಟಿಯ ಮೇಲೆ ಮೊದಲು ಕಿತ್ತಳೆ, ಬಳಿಕ ಇಡೀ ಕಾಳಿನ ಮೇಲೆ, ಹೊಳಪಿನ ಚುಕ್ಕೆಯನ್ನು ಬಿಟ್ಟು, ತಿಳಿಯಾದ ಕೆಂಪು. ಮೂರನೆಯ ಸುತ್ತಿನಲ್ಲಿ ಕ್ರಿಮ್ಸನ್ (ಕಡುಗೆಂಪು) ಬಣ್ಣವನ್ನು ಹೊಳಪಿನ ಸುತ್ತಲೂ ಮೇಲಂಚಿಗೂ ಸೇರಿಸಿ. ಕೆಲವು ಕಾಳುಗಳ ಒಳಗೆ ಬೀಜ ಮಸುಕಾಗಿ ಕಾಣುತ್ತದೆ, ಅಲ್ಲಿ ಕೆಂಪಿನ ಒಂದು ಪದರವನ್ನು ಕಡಿಮೆ ಮಾಡಿದರೆ ಸಾಕು, ಬೀಜವನ್ನು ಪ್ರತ್ಯೇಕವಾಗಿ ಬಿಡಿಸಬೇಕಿಲ್ಲ.

ಕಾಳು ಕಾಳುಗಳ ನಡುವಿನ ಸಂದುಗಳಿಗೆ ಕಪ್ಪು ಪೆನ್ಸಿಲ್ ಹಾಕಬೇಡಿ. ಇಂಡಿಗೊ ಹಚ್ಚಿ ಅದರ ಮೇಲೆ ಕ್ರಿಮ್ಸನ್ ಹಚ್ಚಿದರೆ ಕಪ್ಪಿಗಿಂತ ಆಳವಾದ, ಆದರೆ ಕೆಂಪಿನ ಬಿಸಿ ಇರುವ ಕತ್ತಲು ಬರುತ್ತದೆ. ಕಪ್ಪು ಪೆನ್ಸಿಲ್ ಅಲ್ಲಿ ಮಸಿಯ ತೂತಿನಂತೆ ಕಾಣುತ್ತದೆ. ಎಲ್ಲ ಸಂದುಗಳನ್ನೂ ಒಂದೇ ಕಡುವಿನಲ್ಲಿ ತುಂಬಲೂಬಾರದು; ಬೆಳಕಿನ ಕಡೆಯ ಸಂದುಗಳು ಕಂದು, ಆಳದವು ಮಾತ್ರ ಕಡುನೇರಳೆ. ಐವತ್ತು ಕಾಳುಗಳಿದ್ದರೆ ಐವತ್ತನ್ನೂ ಇಷ್ಟು ವಿವರವಾಗಿ ಮಾಡಬೇಕಿಲ್ಲ. ನಡುವಿನ ಹತ್ತು-ಹನ್ನೆರಡನ್ನು ಪೂರ್ತಿ ಮಾಡಿ, ಅಂಚಿಗೆ ಹೋದಂತೆ ಪದರಗಳನ್ನು ಕಡಿಮೆ ಮಾಡುತ್ತ, ಕೊನೆಯವುಗಳಲ್ಲಿ ಕಾಗದವೇ ಹೆಚ್ಚಾಗಿ ಕಾಣುವಂತೆ ಬಿಡಿ. ನೋಡುವವರ ಕಣ್ಣು ಉಳಿದವನ್ನು ತಾನೇ ತುಂಬಿಕೊಳ್ಳುತ್ತದೆ.

ಪೊರೆಗೆ ಕೆನೆಬಣ್ಣ, ಅದರ ಮಡಿಕೆಗಳಿಗೆ ತಿಳಿಹಸಿರು ಬೆರೆತ ಬೂದು. ಇದು ಹತ್ತು ನಿಮಿಷದ ಕೆಲಸ. ಸಿಪ್ಪೆಯಲ್ಲಿ ಕಾಗದದ ನಿಜವಾದ ನೆರವು ಗೊತ್ತಾಗುತ್ತದೆ. ಅದರ ಹಳದಿಗಂದು ಹಾಳೆಯ ಬಣ್ಣಕ್ಕೆ ತೀರ ಹತ್ತಿರವಿರುವುದರಿಂದ, ನಡುಭಾಗವನ್ನು ಖಾಲಿ ಬಿಟ್ಟು, ಬೆಳಕಿನ ಉಬ್ಬಿಗೆ ಕೆನೆ ಮತ್ತು ಹಳದಿ, ನೆರಳಿನ ತಿರುವಿಗೆ ಬರ್ನ್ಟ್ ಸಿಯೆನಾ (ಕೆಂಪು ಬೆರೆತ ಕಂದು) ಮತ್ತು ಮಂಕು ಕೆಂಪು ಹಚ್ಚಿದರೆ ಮುಗಿಯಿತು. ಕಿರೀಟದಂಥ ತುದಿಯ ಒಣಗಿದ ಅಂಚುಗಳಿಗೆ ಚೂಪಾದ ಕಡುಗಂದು ಬೇಕು. ನೆರಳಿನ ಬದಿಯ ತೀರ ಅಂಚಿನಲ್ಲಿ ಮೇಜಿನಿಂದ ಚಿಮ್ಮಿದ ಮಂದ ಬೆಳಕಿನ ಒಂದು ಎಳೆ ಕಾಣುತ್ತದೆ, ಅದಕ್ಕೆ ಏನನ್ನೂ ಹಚ್ಚದೆ ಕಾಗದವನ್ನೇ ಬಿಡಿ.

ಮೇಜಿನ ಮೇಲೆ ಬಿದ್ದ ನೆರಳು ಹಣ್ಣಿಗೆ ತಾಗಿದಲ್ಲಿ ಕಡುವಾಗಿಯೂ ಅಂಚು ಸ್ಪಷ್ಟವಾಗಿಯೂ ಇದ್ದು, ದೂರ ಹೋದಂತೆ ತಿಳಿಯಾಗಿ ಮಸುಕಾಗುತ್ತದೆ. ಕಡುಹಸಿರಿನ ಮೇಲೆ ನೇರಳೆ ಹಚ್ಚಿ ಈ ನೆರಳನ್ನು ಕಟ್ಟಬಹುದು. ಗೋದಿಬಣ್ಣದ ಹಾಳೆಯ ಮೇಲೆ ಅದು ತಣ್ಣನೆಯ ಬೂದಾಗಿ ಕಂಡು ಹಣ್ಣಿನ ಕೆಂಪನ್ನು ಎತ್ತಿ ಹಿಡಿಯುತ್ತದೆ. ಹಿನ್ನೆಲೆಗೆ ಏನು ಹಾಕಬೇಕು ಎಂದು ಎಲ್ಲರೂ ಕೇಳುತ್ತಾರೆ. ಏನನ್ನೂ ಹಾಕಬಾರದು. ಇಡೀ ಹಾಳೆಯನ್ನು ಬಣ್ಣದಿಂದ ತುಂಬುವ ಆಸೆಯಿದ್ದರೆ ಬಿಳಿ ಹಾಳೆಯೇ ಅಗ್ಗ.

ಕೊನೆಯಲ್ಲಿ, ಪೂರ್ತಿ ಮಾಡಿದ ಆ ಹತ್ತು-ಹನ್ನೆರಡು ಕಾಳುಗಳ ಪೈಕಿ ನಾಲ್ಕೈದರ ಹೊಳಪಿನ ಮೇಲೆ ಮಾತ್ರ ಬಿಳಿ ಜೆಲ್ ಪೆನ್ನಿನಿಂದ ಒಂದೊಂದು ಚುಕ್ಕೆ ಇಡಿ. ಮೇಣದ ಮೇಲೆ ಪೆನ್ನು ಕಟ್ಟಿಕೊಳ್ಳುವುದರಿಂದ ಮೊದಲು ಬೇರೆ ಕಾಗದದ ಮೇಲೆ ಗೀಚಿ ಶಾಯಿ ಹರಿಯುವಂತೆ ಮಾಡಿಕೊಳ್ಳಬೇಕು. ಎಲ್ಲ ಕಾಳುಗಳಿಗೂ ಚುಕ್ಕೆ ಇಟ್ಟರೆ ಹಣ್ಣಿಗೆ ರವೆ ಉದುರಿಸಿದಂತೆ ಕಾಣುತ್ತದೆ.

ಕಲ್ಲು: ಬಾದಾಮಿಗೊಂದು ಹಾಳೆ, ಗೋಳಗುಮ್ಮಟಕ್ಕೊಂದು

ಬಾದಾಮಿಯ ಮರಳುಗಲ್ಲಿಗೆ ಗೋದಿಬಣ್ಣದ ಹಾಳೆ ಎಂದು ಆಗಲೇ ಹೇಳಿದ್ದೇನೆ. ಸಂಜೆಯ ಬಿಸಿಲಿನಲ್ಲಿ ಅಗಸ್ತ್ಯತೀರ್ಥದ ಮೂಡಣ ದಂಡೆಯ ಭೂತನಾಥ ಗುಡಿಯನ್ನು ಬಿಡಿಸುವಾಗ ಅಚ್ಚ ಬಿಳಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲೇಬೇಡಿ. ಬಿಸಿಲಿನ ಭಾಗಕ್ಕೆ ಕೆನೆ, ಅದರ ಮೇಲೆ ತಿಳಿಕಿತ್ತಳೆ ಸಾಕು. ಕಲ್ಲಿನ ನೆರಳಿಗೆ ಕಡುಗಂದಿಗಿಂತ ಮೊದಲು ನೇರಳೆಯ ತೆಳು ಪದರ ಹಾಕಿದರೆ ಬಿಸಿಲು ಇನ್ನಷ್ಟು ಬಿಸಿಯಾಗಿ ಕಾಣುತ್ತದೆ. ಬಂಡೆಯಲ್ಲಿ ಅಡ್ಡಡ್ಡಲಾಗಿ ಓಡುವ ಪದರಗಳನ್ನು ಪೆನ್ಸಿಲಿನ ಗೆರೆಗಳೇ ಹೇಳಬೇಕು, ಆದ್ದರಿಂದ ಇಲ್ಲಿ ಬಣ್ಣವನ್ನು ವೃತ್ತಾಕಾರವಾಗಿ ತಿಕ್ಕದೆ ಕಲ್ಲಿನ ಪದರ ಓಡುವ ದಿಕ್ಕಿನಲ್ಲಿಯೇ ಎಳೆಯಿರಿ. 578ರ ಶಾಸನವಿರುವ ಮೂರನೆಯ ಗುಹೆಯ ಪಡಸಾಲೆಯ ಕಂಬಗಳು ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿವೆ: ಹೊರಬದಿಗೆ ಬೆಳಕು, ಒಳಬದಿಗೆ ಕತ್ತಲು, ನಡುವೆ ಕಾಗದ.

ವಿಜಯಪುರದ ಗೋಳಗುಮ್ಮಟ ಕಡುಬೂದಿನ ಬಸಾಲ್ಟ್ ಕಲ್ಲಿನ ಕಟ್ಟಡ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಈ ಗೋರಿಯ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಅಷ್ಟು ದೊಡ್ಡ ದುಂಡಿನ ಮೇಲೆ ಬೆಳಕಿನಿಂದ ನೆರಳಿಗೆ ಹೋಗುವ ದಾರಿ ಬಹಳ ನಿಧಾನದ್ದು. ಬೂದು ಹಾಳೆಯ ಮೇಲೆ ಇದನ್ನು ಬಿಡಿಸುವವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಗುಮ್ಮಟವನ್ನು ಚೆನ್ನಾಗಿ ಮೂಡಿಸಿ, ಹಿಂದಿನ ಆಕಾಶಕ್ಕೆ ನೀಲಿ ತುಂಬುವುದು. ಆಕಾಶ ಕಲ್ಲಿಗಿಂತ ತಿಳಿಯಾದದ್ದು, ನೀಲಿ ಪೆನ್ಸಿಲೋ ಹಾಳೆಯನ್ನು ಇನ್ನಷ್ಟು ಕಡು ಮಾಡುತ್ತದೆ. ಫಲವಾಗಿ ಗುಮ್ಮಟ ಆಕಾಶದೊಳಗೆ ಮುಳುಗುತ್ತದೆ. ಮೋಡ ಕವಿದ ಮಳೆಗಾಲದ ದಿನವನ್ನು ಆರಿಸಿಕೊಂಡು, ತಿಳಿಬೂದು ಹಾಳೆಯನ್ನೇ ಆಕಾಶವೆಂದು ಬಿಟ್ಟು, ಕಟ್ಟಡವನ್ನು ಮಾತ್ರ ಕಡುವಾಗಿಸುವುದು ನನಗೆ ಹಿಡಿಸಿದ ದಾರಿ.

ಬಟ್ಟೆಯ ಬಗ್ಗೆ ಒಂದು ಮಾತು. ಇಳಕಲ್ ಸೀರೆಯ ಕೆಂಪು ಸೆರಗಿನ ಬಿಳಿ ತೆನೆಗಳನ್ನು ಬಿಡಿಸುವಾಗ ಕೆಂಪು ತುಂಬಿದ ಮೇಲೆ ಬಿಳಿ ಹಾಕಹೋಗಬೇಡಿ, ಗುಲಾಬಿಯಾಗುತ್ತದೆ. ಮೊನಚಾದ ಬಿಳಿಯಿಂದ ತೆನೆಗಳನ್ನು ಮೊದಲೇ ಒತ್ತಿ ಬಿಡಿಸಿ, ಸುತ್ತಲೂ ಕೆಂಪನ್ನು ತಂದು ನಿಲ್ಲಿಸಿ. ಕಸೂತಿಯ ಸಣ್ಣ ಹೊಲಿಗೆಗಳಿಗೂ ಇದೇ ಕ್ರಮ.

ಕೈತಪ್ಪಿದಾಗ

ಬಣ್ಣ ಹೆಚ್ಚಾದರೆ ತಿಕ್ಕಬೇಡಿ. ನಾದಿದ ರಬ್ಬರನ್ನು ಒತ್ತಿ ಎತ್ತಿ, ಒತ್ತಿ ಎತ್ತಿ ಬಣ್ಣವನ್ನು ಕೀಳಬೇಕು. ಇನ್ನೂ ಬಾರದಿದ್ದರೆ ಅಂಟುಪಟ್ಟಿಯ ತುಂಡನ್ನು ಬಟ್ಟೆಗೆ ಒಂದೆರಡು ಸಲ ಅಂಟಿಸಿ ಅದರ ಬಿಗಿ ಕಡಿಮೆ ಮಾಡಿಕೊಂಡು, ಬಣ್ಣದ ಮೇಲಿಟ್ಟು ಹಗುರವಾಗಿ ಒತ್ತಿ ಎತ್ತಿ. ಮೇಣದ ಪೆನ್ಸಿಲಿನ ಕಡುಬಣ್ಣಗಳ ಮೇಲೆ ಕೆಲವು ದಿನಗಳ ನಂತರ ಬೂಷ್ಟು ಹಿಡಿದಂಥ ಬಿಳಿ ಮಂಜು ಕಾಣಿಸಿಕೊಂಡರೆ ಹೆದರಬೇಕಾಗಿಲ್ಲ. ಒಳಗಿನ ಮೇಣ ಮೇಲೆ ಬಂದಿರುತ್ತದೆ, ಅಷ್ಟೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ.

ಅದು ಮತ್ತೆ ಬಾರದಂತೆ, ಬಣ್ಣವನ್ನು ಕಾಗದಕ್ಕೆ ಹಿಡಿದಿಡುವ ಫಿಕ್ಸೆಟಿವ್ ಎಂಬ ದ್ರವವನ್ನು ಸಿಂಪಡಿಸಬಹುದು, ಆದರೆ ಮೊದಲು ಬಣ್ಣದ ಪಟ್ಟಿಯ ಮೇಲೆ ಸಿಂಪಡಿಸಿ ನೋಡಿ. ಒಮ್ಮೆ ನಾನು ಹೊಳಪುಗಳನ್ನು ಬಿಳಿ ಪೆನ್ಸಿಲಿನ ಬದಲು ಸೀಮೆಸುಣ್ಣದಂಥ ಬಿಳಿ ಚಾರ್ಕೋಲಿನಲ್ಲಿ ಮಾಡಿದ್ದೆ, ಅದು ಹೆಚ್ಚು ಬೆಳ್ಳಗೆ ಕಂಡಿತ್ತು. ಫಿಕ್ಸೆಟಿವ್ ಸಿಂಪಡಿಸಿದ ಗಳಿಗೆಯಲ್ಲಿಯೇ ಆ ಬಿಳಿಯೆಲ್ಲ ಹಸಿ ಗೋಡೆಯ ಸುಣ್ಣದಂತೆ ಮಾಯವಾಯಿತು, ಒಣಗಿದ ಮೇಲೂ ಪೂರ್ತಿ ಮರಳಲಿಲ್ಲ. ಸಿಂಪಡಿಸುವುದಾದರೆ ಬಯಲಿನಲ್ಲಿ, ಗಾಳಿಯಿಲ್ಲದ ಹೊತ್ತಿನಲ್ಲಿ, ಒಂದು ಅಡಿ ದೂರದಿಂದ, ತೆಳುವಾಗಿ. ಎರೆಹೊಲದ ಧೂಳು ಹಾರುವ ಮಧ್ಯಾಹ್ನಗಳಲ್ಲಿ ಬೇಡವೇ ಬೇಡ, ಆ ಧೂಳೂ ಚಿತ್ರದ ಪಾಲಾಗುತ್ತದೆ.

ಫೋಟೊ ಮತ್ತು ಚೌಕಟ್ಟು

ಛಾಯೆಯ ಹಾಳೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಾಗ ಕ್ಯಾಮೆರಾ ಹಾಳೆಯ ಬಣ್ಣವನ್ನು ತಪ್ಪೆಂದು ಭಾವಿಸಿ ತಿದ್ದಲು ಹೋಗುತ್ತದೆ. ಗೋದಿಬಣ್ಣ ಬೂದಾಗುತ್ತದೆ, ಬೂದು ನೀಲಿಯಾಗುತ್ತದೆ. ಚಿತ್ರದ ಪಕ್ಕದಲ್ಲಿ ಬಿಳಿ ಕಾಗದದ ಒಂದು ಪಟ್ಟಿಯನ್ನಿಟ್ಟು ಫೋಟೊ ತೆಗೆದು, ಆ ಪಟ್ಟಿ ಬೆಳ್ಳಗೆ ಕಾಣುವವರೆಗೆ ಬಣ್ಣವನ್ನು ಸರಿಪಡಿಸಿ, ಆಮೇಲೆ ಅದನ್ನು ಕತ್ತರಿಸಿ. ತಾರಸಿಯ ನೆರಳಿನಲ್ಲಿ, ಬೆಳಿಗ್ಗೆ ಹತ್ತರೊಳಗೆ ತೆಗೆದರೆ ತಿದ್ದುವ ಕೆಲಸವೂ ಕಡಿಮೆ. ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ಸುತ್ತಲೂ ಮೌಂಟ್ ಪಟ್ಟಿ ಹಾಕಲು ಹೇಳಿ, ಏಕೆಂದರೆ ಬೇಸಿಗೆಯಲ್ಲಿ ಮೇಣ ಗಾಜಿಗೆ ಅಂಟಿಕೊಳ್ಳುತ್ತದೆ. ಮೌಂಟ್ ಪಟ್ಟಿ ಅಚ್ಚ ಬಿಳಿಯದ್ದು ಬೇಡ. ಅದು ಕಣ್ಣಿಗೆ ರಾಚಿ, ನೀವು ಅಷ್ಟು ಜಿಪುಣತನದಿಂದ ಇಟ್ಟ ನಾಲ್ಕೈದು ಹೊಳಪುಗಳನ್ನೇ ಮಂಕು ಮಾಡುತ್ತದೆ. ಹಾಳೆಗಿಂತ ಒಂದು ಮೆಟ್ಟಿಲು ಕಡುವಾದ ಕಂದನ್ನು ಕೇಳಿ ಪಡೆಯಿರಿ.